ಡೈವರ್ಟಿಕ್ಯುಲೈಟಿಸ್ ಮತ್ತೆ ಬರದಂಗೆ ಮಾತ್ರೆ ಇದ್ಯಾ? ಟ್ರಯಲ್‌ಗಳನ್ನ ಕೂತು ಓದಿದೆ

ಡೈವರ್ಟಿಕ್ಯುಲೈಟಿಸ್ ಅಂದ್ರೆ ದೊಡ್ಡ ಕರುಳಲ್ಲಿ ಆಗೋ ಒಂದು ಉರಿಯೂತ, ಅದು ಬಂದು ವಾಸಿಯಾದವರೆಲ್ಲ ಕೇಳೋ ಪ್ರಶ್ನೆ ಒಂದೇ, ಇದು ಮತ್ತೆ ಬರದಂಗೆ ಏನ್ ತಗೋಬೇಕು ಅಂತ. ನಾನೂ ಅದನ್ನೇ ಕೇಳ್ದೆ, ಎರಡನೇ ಸಲ ಬಂದಾಗಂತೂ ಸ್ವಲ್ಪ ಸಿಟ್ಟಲ್ಲೇ ಕೇಳ್ದೆ. ಡಾಕ್ಟ್ರು "ಫೈಬರ್ ತಿನ್ನಿ, ನೀರು ಕುಡೀರಿ, ನಡೀರಿ" ಅಂದ್ರು. ಮನೇಲಿ ನಮ್ಮತ್ತೆ ತ್ರಿಫಲ ಅಂದ್ರು, ದಾವಣಗೆರೆಯಿಂದ ನನ್ನ ಅಕ್ಕ ಫೋನ್ ಮಾಡಿ ಲೋಳೆಸರ ಜ್ಯೂಸ್ ಕುಡಿ ಅಂದ್ಲು, ಇಲ್ಲಿ ಅಮೆರಿಕದಲ್ಲಿ ನಾನಿರೋ ಕೇರಿ (Cary) ಊರಿನ ಕನ್ನಡದವರ ವಾಟ್ಸಾಪ್ ಗ್ರೂಪಲ್ಲಿ ಒಬ್ಬರು ಯಾವುದೋ ಪ್ರೋಬಯಾಟಿಕ್ (ಒಳ್ಳೇ ಬ್ಯಾಕ್ಟೀರಿಯಾ ಇರೋ ಮಾತ್ರೆ) ಲಿಂಕ್ ಕಳಿಸಿ "ನನಗೆ ಆರು ವರ್ಷದಿಂದ ಬಂದೇ ಇಲ್ಲ" ಅಂತ ಬರೆದ್ರು.

ನಾನು ಹೊಟ್ಟೆಪಾಡಿಗೆ ಮಾಡೋದು ಕ್ಲಿನಿಕಲ್ ಟ್ರಯಲ್, ಅಂದ್ರೆ ಔಷಧಗಳನ್ನ ರೋಗಿಗಳಿಗೆ ಕೊಟ್ಟು ಮಾಡೋ ಪರೀಕ್ಷೆ, ಅದರ ಡೇಟಾ ಕೆಲ್ಸ. ನಾರ್ತ್ ಕೆರೊಲಿನಾದ ಈ ರಿಸರ್ಚ್ ಟ್ರಯಾಂಗಲ್ ಕಡೆ ಬಂದ್ರೆ ಎರಡು ಮನೆಗೊಬ್ಬರು ಸ್ಯಾಸ್ (ಡೇಟಾ ಲೆಕ್ಕ ಹಾಕೋ ಸಾಫ್ಟ್‌ವೇರ್) ಪ್ರೋಗ್ರಾಮರ್ ಸಿಗ್ತಾರೆ, ಅದ್ರಲ್ಲಿ ನಾನೂ ಒಬ್ಳು. ದಿನಾ ಬೇರೆಯವರ ಕಾಯಿಲೆಯ ಟೇಬಲ್ ಮಾಡೋಳು ನನ್ನ ಕಾಯಿಲೆಯ ಟೇಬಲ್ ಯಾಕೆ ನೋಡ್ಬಾರ್ದು ಅಂತ ಕೂತೆ. ನಾನು ಡಾಕ್ಟರ್ ಅಲ್ಲ, ಇದನ್ನ ಓದಿ ಯಾರೂ ಮಾತ್ರೆ ಬಿಡೋದು ಶುರು ಮಾಡೋದು ಮಾಡ್ಬೇಡಿ, ಆದ್ರೆ ಡಾಕ್ಟರ್ ಹತ್ರ ಹೋದಾಗ ಏನ್ ಕೇಳ್ಬೇಕು ಅನ್ನೋಕೆ ಇದು ಉಪಯೋಗ ಆಗ್ಬಹುದು.

ಗೊತ್ತಿಲ್ಲದವರಿಗೆ ಎರಡು ಮಾತು. ದೊಡ್ಡ ಕರುಳಿನ ಗೋಡೆ ವಯಸ್ಸಾದಂಗೆ ಅಲ್ಲಲ್ಲಿ ಹಳೇ ಸೈಕಲ್ ಟ್ಯೂಬ್ ಉಬ್ಬಿದ ಹಾಗೆ ಹೊರಗೆ ಉಬ್ಬಿ ಪುಟ್ಟ ಚೀಲಗಳಾಗ್ತವೆ, ಅಷ್ಟೇ ಇದ್ರೆ ಅದು ಡೈವರ್ಟಿಕ್ಯುಲೋಸಿಸ್, ಅದ್ರಿಂದ ಬಹಳ ಜನಕ್ಕೆ ಏನೂ ತೊಂದ್ರೆ ಇಲ್ಲ, ಇರೋದೂ ಗೊತ್ತಾಗಲ್ಲ. ಆ ಚೀಲ ಊದ್ಕೊಂಡು ಉರಿಯೂತ ಆದ್ರೆ ಡೈವರ್ಟಿಕ್ಯುಲೈಟಿಸ್. ಲಾಸ್ ಏಂಜಲೀಸಲ್ಲಿ ಮಾಜಿ ಸೈನಿಕರ ಆಸ್ಪತ್ರೆ ರೆಕಾರ್ಡ್ ಇಟ್ಕೊಂಡು 2013ರಲ್ಲಿ ಒಂದು ಸ್ಟಡಿ ಬಂತು, ಚೀಲ ಇರೋ ಎರಡು ಸಾವಿರಕ್ಕೂ ಹೆಚ್ಚು ಜನರನ್ನ ಸುಮಾರು 11 ವರ್ಷ ನೋಡಿದ್ರೆ ಉರಿಯೂತ ಆಗಿದ್ದು ಬರೀ ಶೇಕಡ 4ರಷ್ಟು ಜನಕ್ಕೆ. ಅದಕ್ಕೂ ಮುಂಚೆ ಶೇಕಡ 10ರಿಂದ 25 ಅಂತ ಪುಸ್ತಕದಲ್ಲಿ ಇರ್ತಿತ್ತು. ಅಂದ್ರೆ ಕೊಲೊನೋಸ್ಕೋಪಿ (ದೊಡ್ಡ ಕರುಳೊಳಗೆ ಕ್ಯಾಮೆರಾ ಹಾಕಿ ನೋಡೋದು) ರಿಪೋರ್ಟಲ್ಲಿ ಡೈವರ್ಟಿಕ್ಯುಲೋಸಿಸ್ ಅಂತ ನೋಡಿ ನಿದ್ದೆ ಬಿಡೋರು ಬಿಡೋದು ಬೇಡ.

ಇಲ್ಲಿ ಪಾಶ್ಚಾತ್ಯರಿಗೆ ಇದು ಎಡಗಡೆ ಕೆಳಗೆ, ಸಿಗ್ಮಾಯ್ಡ್ ಅನ್ನೋ ಭಾಗದಲ್ಲಿ. ಜಪಾನ್ ಕೊರಿಯಾ ಕಡೆಯವರಿಗೆ ಹೆಚ್ಚಾಗಿ ಬಲಗಡೆ, ಅಪೆಂಡಿಕ್ಸ್ ಅಂತ ಮೋಸ ಹೋಗೋದೂ ಉಂಟು. ನಾನು ಕೆಳಗೆ ಬರೆದಿರೋ ಸ್ಟಡಿಗಳೆಲ್ಲ ಬಹುಪಾಲು ಎಡಗಡೆಯವರದ್ದು, ಯುರೋಪು ಅಮೆರಿಕದವರದ್ದು. ನನಗೂ ಎಡಗಡೇನೇ.

ಈಗ ಮುಖ್ಯ ವಿಷಯ, ಮತ್ತೆ ಬರೋ ಲೆಕ್ಕ. ಮಿನೆಸೋಟಾದ ಓಮ್ಸ್ಟೆಡ್ ಕೌಂಟಿ ಅಂತ ಇದೆ, ಮೇಯೋ ಕ್ಲಿನಿಕ್ ಇರೋ ಜಾಗ, ಅಲ್ಲಿನ ಜನರ ಮೆಡಿಕಲ್ ರೆಕಾರ್ಡ್ ದಶಕಗಟ್ಟಲೆ ಒಂದೇ ಕಡೆ ಜೋಡಿಸಿಟ್ಟಿದ್ದಾರೆ. ಅದನ್ನ ನೋಡಿ 2015ರಲ್ಲಿ ಬರೆದ ಪೇಪರ್ ಪ್ರಕಾರ ಮೊದಲನೇ ಅಟ್ಯಾಕ್ ಆದವರಲ್ಲಿ 10 ವರ್ಷದೊಳಗೆ ಮತ್ತೆ ಬಂದಿದ್ದು ಶೇಕಡ 22 ಜನಕ್ಕೆ. ಎರಡನೇದೂ ಆದವರಿಗೆ ಮಾತ್ರ ಲೆಕ್ಕ ಬೇರೆ, ಅವರಲ್ಲಿ 10 ವರ್ಷದೊಳಗೆ ಮೂರನೇದು ಬಂದಿದ್ದು ಶೇಕಡ 55 ಜನಕ್ಕೆ.

ಆ 22 ಅನ್ನೋ ನಂಬರ್ ಮುಂದೆ ಸ್ವಲ್ಪ ಹೊತ್ತು ಕೂರಿ. ನೂರು ಜನಕ್ಕೆ ಮೊದಲ ಅಟ್ಯಾಕ್ ಆಯ್ತು, ಅವರೆಲ್ಲರಿಗೂ ನಾನು ದಿನಾ ಬೆಳಗ್ಗೆ ಒಂದು ಲೋಟ ಜೀರಿಗೆ ನೀರು ಕೊಟ್ಟೆ ಅಂದ್ಕೊಳ್ಳಿ, ಹತ್ತು ವರ್ಷ ಆದ್ಮೇಲೆ 78 ಜನ ಬಂದು ಜೀರಿಗೆ ನೀರಿಂದಾನೇ ವಾಸಿ ಆಯ್ತು ಅಂತಾರೆ, ಸುಳ್ಳು ಹೇಳ್ತಿಲ್ಲ ಅವರು, ನಿಜವಾಗ್ಲೂ ಅವರಿಗೆ ಮತ್ತೆ ಬಂದಿಲ್ಲ. ಉಳಿದ 22 ಜನ ಗ್ರೂಪಲ್ಲಿ ಮೆಸೇಜ್ ಹಾಕಲ್ಲ ಅಷ್ಟೇ. ಹಂಗಾಗಿ ಈ ಕಾಯಿಲೇಲಿ ಏನ್ ತಗೊಂಡ್ರೂ ಅದಕ್ಕೆ ಹೆಸರು ಬಂದೇ ಬರುತ್ತೆ, ತ್ರಿಫಲಕ್ಕೂ ಬರುತ್ತೆ, ದುಬಾರಿ ಪ್ರೋಬಯಾಟಿಕ್‌ಗೂ ಬರುತ್ತೆ, ನಮ್ಮ ಗ್ಯಾಸ್ಟ್ರೋ ಡಾಕ್ಟರ್ ಬರೆದುಕೊಟ್ಟ ಮಾತ್ರೆಗೂ ಬರುತ್ತೆ. ಇದನ್ನ ಬಿಡಿಸಿ ನೋಡ್ಬೇಕು ಅಂದ್ರೆ ಅರ್ಧ ಜನಕ್ಕೆ ಖಾಲಿ ಮಾತ್ರೆ ಕೊಟ್ಟು, ಯಾರಿಗೆ ಯಾವುದು ಅಂತ ಕೊಟ್ಟವರಿಗೂ ತಗೊಂಡವರಿಗೂ ಗೊತ್ತಾಗದಂಗೆ ಮಾಡಿ ವರ್ಷಗಟ್ಟಲೆ ಕಾಯ್ಬೇಕು. ಬೇರೆ ದಾರಿ ನನಗಂತೂ ಕಂಡಿಲ್ಲ.

ಅಂಥ ಟ್ರಯಲ್ ಆಗಿದೆ, ಸಣ್ಣಪುಟ್ಟದ್ದಲ್ಲ. ಮೆಸಲಮೀನ್ ಅಂತ ಒಂದು ಔಷಧ, ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಲ್ಲಿ ಹುಣ್ಣಾಗೋ ಕಾಯಿಲೆ) ಇರೋರಿಗೆ ಚೆನ್ನಾಗಿ ಕೆಲ್ಸ ಮಾಡುತ್ತೆ, ಇಂಡಿಯಾದಲ್ಲಿ ಮೆಸಲಜೀನ್ ಅಂತಾರೆ, ಕರುಳಿನ ಒಳಪದರದ ಉರಿಯೂತ ಇಳಿಸುತ್ತೆ. ಯೋಚನೆ ಏನಿತ್ತು ಅಂದ್ರೆ, ಡೈವರ್ಟಿಕ್ಯುಲೈಟಿಸ್ ವಾಸಿಯಾದ್ಮೇಲೂ ಒಳಗೆ ಸಣ್ಣಗೆ ಉರಿಯೂತ ಉಳಿದಿರುತ್ತೆ, ಅದೇ ಮುಂದಿನ ಅಟ್ಯಾಕಿಗೆ ಬೀಜ, ಅದನ್ನ ದಿನಾ ಮಾತ್ರೆ ಕೊಟ್ಟು ತಣ್ಣಗೆ ಇಟ್ರೆ ಮತ್ತೆ ಬರಲ್ಲ. ಕೇಳೋಕೆ ಎಷ್ಟು ಸರಿಯಾಗಿದೆ ಅಲ್ವಾ, ನಾನಾಗಿದ್ರೂ ದುಡ್ಡು ಹಾಕ್ತಿದ್ದೆ. ಇಟಲಿ ಕಡೆಯ ಸಣ್ಣ ಸ್ಟಡಿಗಳಲ್ಲಿ ಒಳ್ಳೇ ರಿಸಲ್ಟೂ ಬಂದಿತ್ತು.

ಸರಿ ಅಂತ ಎರಡು ಫೇಸ್ 3, ಅಂದ್ರೆ ಕೊನೇ ಹಂತದ ದೊಡ್ಡ ಟ್ರಯಲ್ ಮಾಡಿದ್ರು, ಪ್ರಿವೆಂಟ್ 1 ಮತ್ತು ಪ್ರಿವೆಂಟ್ 2. ಒಂದರಲ್ಲಿ 590 ಜನ, ಇನ್ನೊಂದರಲ್ಲಿ 592. ಎಲ್ಲರಿಗೂ ಹಿಂದಿನ 24 ತಿಂಗಳಲ್ಲಿ ಒಂದಾದ್ರೂ ಅಟ್ಯಾಕ್ ಆಗಿ ಆಪರೇಷನ್ ಇಲ್ಲದೆ ವಾಸಿಯಾಗಿರ್ಬೇಕು. ನಾಲ್ಕು ಗುಂಪು, ದಿನಕ್ಕೆ 1.2 ಗ್ರಾಂ, 2.4 ಗ್ರಾಂ, 4.8 ಗ್ರಾಂ, ಮತ್ತೆ ಪ್ಲಸೀಬೋ, ಅಂದ್ರೆ ಆ ಖಾಲಿ ಮಾತ್ರೆ. 104 ವಾರ, ಅಂದ್ರೆ ಎರಡು ವರ್ಷ.

ನನಗೆ ಇಷ್ಟ ಆಗಿದ್ದು ಅವರು ಮರುಕಳಿಸೋದು ಅಂದ್ರೆ ಏನು ಅಂತ ಬರೆದುಕೊಂಡಿದ್ದ ರೀತಿ. ಹೊಟ್ಟೆ ನೋವು ಬಂತು ಅಂತ ರೋಗಿ ಹೇಳಿದ್ರೆ ಸಾಲದು. ಒಂದೋ ಆಪರೇಷನ್ ಆಗಿರ್ಬೇಕು, ಇಲ್ಲಾಂದ್ರೆ ಸಿಟಿ ಸ್ಕ್ಯಾನಲ್ಲಿ ಕರುಳಿನ ಗೋಡೆ 5 ಮಿಲಿಮೀಟರಿಗಿಂತ ದಪ್ಪ ಆಗಿರೋದೋ, ಸುತ್ತ ಇರೋ ಕೊಬ್ಬಿನಲ್ಲಿ ಗೆರೆಗೆರೆ ಕಾಣೋದೋ ಇರ್ಬೇಕು. ಇದು ಬಹಳ ಮುಖ್ಯ ಯಾಕಂದ್ರೆ ಒಂದ್ಸಲ ಅಟ್ಯಾಕ್ ಆದವರಿಗೆ ಆಮೇಲೆ ಎಡಗಡೆ ಚುಳ್ ಅಂದ್ರೂ ಬಂತು ಅಂತಾನೇ ಅನ್ಸುತ್ತೆ, ನನಗೂ ಹಂಗೇ, ಅರ್ಧಕ್ಕರ್ಧ ಸಲ ಅದು ಗ್ಯಾಸ್. ನೋವನ್ನೇ ಲೆಕ್ಕಕ್ಕೆ ತಗೊಂಡ್ರೆ ಗ್ಯಾಸಿಗೂ ಡೈವರ್ಟಿಕ್ಯುಲೈಟಿಸ್‌ಗೂ ವ್ಯತ್ಯಾಸ ಇಲ್ಲದಂಗೆ ಡೇಟಾ ಕಲಸುಮೇಲೋಗರ ಆಗುತ್ತೆ.

2014ರಲ್ಲಿ ಗ್ಯಾಸ್ಟ್ರೋಎಂಟರಾಲಜಿ ಜರ್ನಲ್‌ನಲ್ಲಿ ರಿಸಲ್ಟ್ ಬಂತು. ಮೊದಲ ಟ್ರಯಲ್‌ನಲ್ಲಿ ಮರುಕಳಿಸದೆ ಉಳಿದವರು, ಮೆಸಲಮೀನ್ ಗುಂಪುಗಳಲ್ಲಿ ಶೇಕಡ 53ರಿಂದ 63, ಪ್ಲಸೀಬೋ ಗುಂಪಲ್ಲಿ 65. ಎರಡನೇದ್ರಲ್ಲಿ ಮೆಸಲಮೀನ್ 59ರಿಂದ 69, ಪ್ಲಸೀಬೋ 68. ಓದ್ತಾ ಓದ್ತಾ ನಗು ಬಂತು ನನಗೆ, ಖಾಲಿ ಮಾತ್ರೆ ನುಂಗಿದವರೇ ಮೊದಲನೇದ್ರಲ್ಲಿ ಒಂದು ಕೂದಲು ಮುಂದೆ, ಎರಡನೇದ್ರಲ್ಲಿ ಹೆಚ್ಚುಕಮ್ಮಿ ಸಮ. ಡೋಸ್ ಜಾಸ್ತಿ ಮಾಡಿದ್ರೂ ಉಪಯೋಗ ಇಲ್ಲ, ಬರೋದು ತಡ ಆಯ್ತಾ ಅಂತ ನೋಡಿದ್ರೆ ಅದೂ ಇಲ್ಲ. ಒಂದು ಟ್ರಯಲ್ ಕೆಟ್ರೆ ಅದೃಷ್ಟ ಸರಿ ಇಲ್ಲ ಅನ್ಬಹುದು, ಒಂದೇ ತರ ಮಾಡಿದ ಎರಡೂ ಕೆಟ್ರೆ ಏನ್ ಹೇಳೋದು. ಆಮೇಲೆ ಜರ್ಮನಿ ಕಡೆಯವರು ಮೆಸಲಜೀನ್ ಹರಳಿನ ರೂಪದಲ್ಲಿ ಕೊಟ್ಟು ಇನ್ನೆರಡು ಟ್ರಯಲ್ ಮಾಡಿ 2017ರಲ್ಲಿ ಪ್ರಕಟಿಸಿದ್ರು, ಅಲ್ಲೂ ಪ್ಲಸೀಬೋಗಿಂತ ಮೇಲೆ ಹೋಗ್ಲಿಲ್ಲ.

ನಮ್ಮ ಫೀಲ್ಡಲ್ಲಿ ಇಂಥದ್ದಕ್ಕೆ ಫೇಲ್ಡ್ ಟ್ರಯಲ್ ಅಂತಾರೆ, ಆ ಮಾತು ನನಗೆ ಇಷ್ಟ ಇಲ್ಲ. ಸಾವಿರಕ್ಕೂ ಹೆಚ್ಚು ಜನ ಎರಡು ವರ್ಷ ದಿನಾ ಮಾತ್ರೆ ನುಂಗಿ, ನೋವು ಬಂದಾಗೆಲ್ಲ ಸ್ಕ್ಯಾನ್ ಮೆಷಿನ್ ಒಳಗೆ ಮಲಗಿ ಎದ್ದಿದ್ದಕ್ಕೆ ಇವತ್ತು ನನ್ನ ಜೇಬಿಂದ ತಿಂಗಳು ತಿಂಗಳು ಆ ಮಾತ್ರೆಗೆ ದುಡ್ಡು ಹೋಗ್ತಿಲ್ಲ. ಅಮೆರಿಕನ್ ಗ್ಯಾಸ್ಟ್ರೋಎಂಟರಾಲಜಿಕಲ್ ಅಸೋಸಿಯೇಷನ್ 2015ರ ಗೈಡ್‌ಲೈನಲ್ಲಿ ಮೆಸಲಮೀನ್ ಬೇಡ ಅಂತ ಖಡಾಖಂಡಿತ ಬರೀತು, ರಿಫಾಕ್ಸಿಮಿನ್ ಮತ್ತು ಪ್ರೋಬಯಾಟಿಕ್ ಕೂಡ ಬೇಡ ಅಂತ ಸ್ವಲ್ಪ ಮೆತ್ತಗೆ ಬರೀತು.

ರಿಫಾಕ್ಸಿಮಿನ್ ಕಥೆ ಬೇರೆ ತರ. ಅದು ಕರುಳಲ್ಲೇ ಉಳಿದು ರಕ್ತಕ್ಕೆ ಅಷ್ಟಾಗಿ ಸೇರದ ಆಂಟಿಬಯಾಟಿಕ್, ತಿಂಗಳಿಗೆ ಒಂದು ವಾರ ಕೊಟ್ಟು ನೋಡೋಣ ಅಂತ ಸ್ಪೇನಲ್ಲಿ ಟ್ರಯಲ್ ಶುರು ಮಾಡಿದ್ರು, ಜನ ಸಿಗ್ಲಿಲ್ಲ, 165 ಜನಕ್ಕೆ ನಿಲ್ಲಿಸಿ 2013ರಲ್ಲಿ ಪ್ರಕಟ ಮಾಡಿದ್ರು. ಒಂದು ವರ್ಷದಲ್ಲಿ ಬರೀ ಫೈಬರ್ ತಗೊಂಡವರಲ್ಲಿ ಶೇಕಡ 19.3 ಜನಕ್ಕೆ ಮತ್ತೆ ಬಂತು, ಫೈಬರ್ ಜೊತೆ ರಿಫಾಕ್ಸಿಮಿನ್ ತಗೊಂಡವರಲ್ಲಿ 10.4. ಅರ್ಧಕ್ಕರ್ಧ! ಆದ್ರೆ ಯಾರು ಏನ್ ತಗೋತಿದ್ದಾರೆ ಅಂತ ಎಲ್ಲರಿಗೂ ಗೊತ್ತಿತ್ತು, ಪ್ಲಸೀಬೋ ಇರ್ಲಿಲ್ಲ. ಮೆಸಲಮೀನೂ ಸಣ್ಣ ಸ್ಟಡಿಲಿ ಚೆನ್ನಾಗಿಯೇ ಕಾಣ್ತಿತ್ತು ಅಲ್ವಾ, ಅದಕ್ಕೇ ನಾನು ಇದನ್ನ ನೋಡಿ ಖುಷಿ ಪಡೋಕೆ ತಯಾರಿಲ್ಲ.

ಅಟ್ಯಾಕ್ ಬಂದಾಗ ಕೊಡೋ ಆಂಟಿಬಯಾಟಿಕ್ ಮುಂದಿನದನ್ನ ತಡೆಯುತ್ತಾ? ಇದಕ್ಕೆ ಸ್ವೀಡನ್‌ನ ಹತ್ತು ಮತ್ತು ಐಸ್‌ಲ್ಯಾಂಡಿನ ಒಂದು ಸರ್ಜರಿ ವಿಭಾಗ ಸೇರಿ ಮಾಡಿದ ಅವೋಡ್ ಅನ್ನೋ ಟ್ರಯಲ್ ಇದೆ, 2012, 623 ಜನ. ಸ್ಕ್ಯಾನಲ್ಲಿ ರಂಧ್ರ ಇಲ್ಲ, ಕೀವು ಇಲ್ಲ ಅಂತ ಖಾತ್ರಿ ಆದವರಿಗೆ ಅರ್ಧ ಜನಕ್ಕೆ ಆಂಟಿಬಯಾಟಿಕ್ ಕೊಟ್ರು, ಅರ್ಧ ಜನಕ್ಕೆ ಬರೀ ಡ್ರಿಪ್ಪು. ಒಂದು ವರ್ಷದಲ್ಲಿ ಮತ್ತೆ ಬಂದಿದ್ದು ಎರಡೂ ಕಡೆ ಶೇಕಡ 16ರ ಆಸುಪಾಸು. ಇದನ್ನ ಓದಿ ಜ್ವರ ಬಂದಾಗ ಮನೇಲಿ ಕೂರ್ಬೇಡಿ ಮತ್ತೆ, ಅವರೆಲ್ಲ ಆಸ್ಪತ್ರೆಯಲ್ಲಿ ಕಣ್ಣೆದುರು ಇದ್ದವರು.

ಮಾತ್ರೆ ಕಥೆ ಇಷ್ಟು. ಊಟದ ಕಡೆ ಬರೋಣ, ಇಲ್ಲಿ ನನ್ನ ಜಗಳ ಮನೆಯವರ ಜೊತೆ. ಬೀಜ ಇರೋದು ಯಾವುದೂ ತಿನ್ಬಾರ್ದು, ಚೀಲದೊಳಗೆ ಸಿಕ್ಕಿಹಾಕ್ಕೊಳ್ಳುತ್ತೆ ಅಂತ ಡಾಕ್ಟರುಗಳೇ ದಶಕಗಟ್ಟಲೆ ಹೇಳ್ತಿದ್ರು. ಹಂಗಾಗಿ ನಮ್ಮತ್ತೆ ಸಾರಿಗೆ ಹಾಕೋ ಟೊಮೇಟೊ ಅಡ್ಡಡ್ಡ ಕತ್ತರಿಸಿ, ಚಮಚದಲ್ಲಿ ಬೀಜದ ಲೋಳೆ ಎಲ್ಲ ತೋಡಿ ತೆಗೆದು, ಆಮೇಲೆ ನಲ್ಲಿ ಕೆಳಗೆ ತೊಳೆದು ಹಾಕ್ತಿದ್ರು, ಬದನೆಕಾಯಿ ಬಂದ್, ಶೇಂಗಾ ಚಟ್ನಿ ಬಂದ್, ಸಂಕ್ರಾಂತಿಗೆ ನನ್ನ ಕೈಗೆ ಬಂದ ಎಳ್ಳು ಬೆಲ್ಲದಲ್ಲಿ ಎಳ್ಳೂ ಇಲ್ಲ ಕಡಲೆಬೀಜಾನೂ ಇಲ್ಲ, ಬೆಲ್ಲದ ಚೂರು ಕೊಬ್ಬರಿ ಚೂರು ಅಷ್ಟೇ. ಪ್ರೀತಿಯಿಂದಾನೇ ಮಾಡಿದ್ದು, ಏನ್ ಹೇಳೋದು.

ಆದ್ರೆ 2008ರಲ್ಲೇ ಲೀಸಾ ಸ್ಟ್ರೇಟ್ ಮತ್ತು ಜೊತೆಯವರು ಜಾಮಾ ಅನ್ನೋ ಅಮೆರಿಕದ ವೈದ್ಯಕೀಯ ಜರ್ನಲ್‌ನಲ್ಲಿ ಇದಕ್ಕೆ ಉತ್ತರ ಬರೆದಿದ್ದಾರೆ. ಹಾರ್ವರ್ಡ್‌ನವರು 1986ರಿಂದ ದಂತವೈದ್ಯರು, ಪಶುವೈದ್ಯರು, ಔಷಧಿ ಅಂಗಡಿಯವರು ಇಂಥ ಗಂಡಸರ ದೊಡ್ಡ ಗುಂಪನ್ನ ಫಾಲೋ ಮಾಡ್ತಿದ್ದಾರೆ, ಅದ್ರಲ್ಲಿ 47,228 ಜನರ ಊಟದ ಲೆಕ್ಕ 18 ವರ್ಷ ನೋಡಿದ್ರು. ಬಾದಾಮಿ ಅಕ್ರೋಟು ಕಡಲೆಬೀಜ ಪಾಪ್‌ಕಾರ್ನ್ ಜಾಸ್ತಿ ತಿಂದವರಿಗೆ ಡೈವರ್ಟಿಕ್ಯುಲೈಟಿಸ್ ಜಾಸ್ತಿ ಆಗ್ಲೇ ಇಲ್ಲ, ಕಡಿಮೆ ಆಗಿತ್ತು, ನಟ್ಸಿಗೆ ಸುಮಾರು ಶೇಕಡ 20, ಪಾಪ್‌ಕಾರ್ನಿಗೆ 28. 2025ರಲ್ಲಿ ಸುಮಾರು 30 ಸಾವಿರ ಹೆಂಗಸರ ಸ್ಟಡಿ ಬಂತು, ಅಲ್ಲಿ ನಟ್ಸ್, ಬೀಜ, ಸ್ಟ್ರಾಬೆರಿ ತರ ಬೀಜ ಸಮೇತ ತಿನ್ನೋ ಹಣ್ಣು, ಯಾವುದಕ್ಕೂ ಡೈವರ್ಟಿಕ್ಯುಲೈಟಿಸ್‌ಗೂ ಸಂಬಂಧ ಕಾಣ್ಲಿಲ್ಲ. ಇದನ್ನ ಅತ್ತೆಗೆ ಓದಿ ಹೇಳಿದೆ. "ಆ ಗಂಡಸ್ರು ಒಗ್ಗರಣೆ ಸಾಸಿವೆ ತಿಂದಿದ್ರಾ ಕೇಳು" ಅಂದ್ರು. ಒಳ್ಳೇ ಪ್ರಶ್ನೆ, ಸಾಸಿವೆ ಒಗ್ಗರಣೆ ಬಗ್ಗೆ ನನಗೆ ಯಾವ ಸ್ಟಡಿನೂ ಸಿಕ್ಕಿಲ್ಲ. ಶೇಂಗಾ ಚಟ್ನಿ ಮಾತ್ರ ವಾಪಸ್ ಬಂದಿದೆ.

ನಾರು, ಅಂದ್ರೆ ಫೈಬರ್, ಅದರ ವಿಷಯದಲ್ಲೂ ಸ್ವಲ್ಪ ಹುಷಾರಾಗಿ ಮಾತಾಡ್ಬೇಕು. 1971ರಲ್ಲಿ ಪೇಂಟರ್ ಮತ್ತು ಬರ್ಕಿಟ್ ಅಂತ ಇಬ್ಬರು ಬ್ರಿಟಿಷ್ ಮೆಡಿಕಲ್ ಜರ್ನಲ್ಲಲ್ಲಿ ಇದು ನಾರು ಕಡಿಮೆ ತಿನ್ನೋ ಪಾಶ್ಚಾತ್ಯರ ಕೊರತೆ ಕಾಯಿಲೆ ಅಂತ ಬರೆದ್ರು, ಬರ್ಕಿಟ್ ಉಗಾಂಡಾದಲ್ಲಿ ವರ್ಷಗಟ್ಟಲೆ ಸರ್ಜನ್ ಆಗಿದ್ದವರು, ಅಲ್ಲಿನವರಿಗೆ ಇದು ಇರ್ಲೇ ಇಲ್ಲ ಅಂತ ನೋಡಿದ್ದವರು. ಆಮೇಲೆ 2012ರಲ್ಲಿ ನಮ್ಮನೆಯಿಂದ ಅರ್ಧ ಗಂಟೆ ದೂರದ ಚಾಪಲ್ ಹಿಲ್‌ನಲ್ಲಿ ಆನ್ ಪೀರಿ ಮತ್ತು ತಂಡ ಕೊಲೊನೋಸ್ಕೋಪಿಗೆ ಬಂದ 2,104 ಜನರನ್ನ ಕೇಳಿ ನೋಡಿದ್ರೆ ಉಲ್ಟಾ, ನಾರು ಜಾಸ್ತಿ ತಿನ್ನೋರಿಗೇ ಚೀಲ ಜಾಸ್ತಿ. ಹಂಗಂತ ನಾರು ಬಿಡಿ ಅಂತ ಅಲ್ಲ. ಚೀಲ ಆಗೋದು ಒಂದು, ಅದು ಊದಿಕೊಳ್ಳೋದು ಇನ್ನೊಂದು, ಊದಿಕೊಳ್ಳೋದನ್ನ ತಡೆಯೋಕೆ ನಾರು ಒಳ್ಳೇದು ಅಂತಾನೇ ದೊಡ್ಡ ಸ್ಟಡಿಗಳು ಹೇಳ್ತವೆ. ಆದ್ರೆ ಅದೇ 2015ರ ಗೈಡ್‌ಲೈನ್ ನಾರು ತಿನ್ನಿ ಅಂತ ಹೇಳುವಾಗ ಪಕ್ಕದಲ್ಲಿ ಸಾಕ್ಷಿಯ ಗುಣಮಟ್ಟ ತೀರಾ ಕಡಿಮೆ ಅಂತ ಬರೆದಿದೆ. ಎಲ್ಲ ಡಾಕ್ಟ್ರೂ ಮೊದ್ಲು ಹೇಳೋ ಮಾತಿಗೆ ಇರೋ ಸಾಕ್ಷಿ ಅಷ್ಟು ತೆಳ್ಳಗೆ ಅಂತ ನಾನು ಅಂದ್ಕೊಂಡಿರ್ಲಿಲ್ಲ.

ಒಟ್ಟು ಜೀವನಶೈಲಿ ನೋಡಿದ ಪೇಪರ್ ಒಂದು 2017ರಲ್ಲಿ ಬಂತು, ಅದೇ ಹಾರ್ವರ್ಡ್ ಗಂಡಸರದ್ದು. ಕೆಂಪು ಮಾಂಸ ದಿನಕ್ಕೆ 51 ಗ್ರಾಂಗಿಂತ ಕಡಿಮೆ, ನಾರು ಸುಮಾರು 23 ಗ್ರಾಂ, ವಾರಕ್ಕೆ ಎರಡು ಗಂಟೆಯಷ್ಟು ಬೆವರು ಬರೋ ವ್ಯಾಯಾಮ, ತೂಕ ಲೆಕ್ಕದಲ್ಲಿ, ಸಿಗರೇಟು ಯಾವತ್ತೂ ಇಲ್ಲ. ಎಲ್ಲರೂ ಈ ಐದೂ ಪಾಲಿಸಿದ್ರೆ ಅರ್ಧದಷ್ಟು ಕೇಸ್ ತಪ್ಪಿಸಬಹುದಿತ್ತು ಅಂತ ಅವರ ಅಂದಾಜು. ಇದು ಮೊದಲನೇ ಸಲ ಬರೋದರ ಲೆಕ್ಕ, ಮರುಕಳಿಸೋದರ ಲೆಕ್ಕ ಅಲ್ಲ, ಯಾರಿಗೂ ಚೀಟಿ ಎತ್ತಿ ಗುಂಪು ಮಾಡಿ ಮಾಡಿದ್ದೂ ಅಲ್ಲ, ಆರೋಗ್ಯದ ಬಗ್ಗೆ ಕಾಳಜಿ ಇರೋರು ಎಲ್ಲವನ್ನೂ ಒಟ್ಟಿಗೆ ಮಾಡ್ತಾರೆ, ಯಾವುದು ಕೆಲ್ಸ ಮಾಡಿತು ಅಂತ ಬಿಡಿಸೋದು ಕಷ್ಟ. ಆದ್ರೂ ಮಾಡಿದ್ರೆ ನಷ್ಟ ಇಲ್ಲ ಅಂತ ನಾನು ಮಾಡ್ತಿದೀನಿ. ನಮಗೆ ನಾರಿಗೇನು ಬರ, 100 ಗ್ರಾಂ ರಾಗಿಲಿ ಸುಮಾರು 11 ಗ್ರಾಂ ಇದೆ ಅಂತ ಹೈದರಾಬಾದಿನ ನ್ಯೂಟ್ರಿಷನ್ ಇನ್‌ಸ್ಟಿಟ್ಯೂಟ್ ಟೇಬಲ್ ಹೇಳುತ್ತೆ, ಜೊತೆಗೆ ಒಂದು ಬಸ್ಸಾರು ಪಲ್ಯ ಇದ್ರೆ ಆಯ್ತು. ಅಟ್ಯಾಕ್ ಇರೋವಾಗ ಮಾತ್ರ ಅಲ್ಲ, ಆಗ ಗಂಜಿ ತಿಳಿನೇ ಗತಿ.

ಇನ್ನೊಂದು, ಇದನ್ನ ಯಾಕೋ ಯಾರೂ ಹೇಳಲ್ಲ. ಐಬುಪ್ರೊಫೆನ್ ತರದ ನೋವಿನ ಮಾತ್ರೆ ಅಭ್ಯಾಸವಾಗಿ ತಗೊಳ್ಳೋರಿಗೆ ಇದು ಜಾಸ್ತಿ ಅಂತ ಅದೇ ಗಂಡಸರ ಡೇಟಾದಿಂದ 2011ರಲ್ಲಿ ಗೊತ್ತಾಗಿದೆ, ಗೈಡ್‌ಲೈನೂ ತಪ್ಪಿಸಿ ಅನ್ನುತ್ತೆ. ಊರಿಂದ ಬರೋವಾಗ ಸೂಟ್‌ಕೇಸಲ್ಲಿ ಕಾಂಬಿಫ್ಲಾಮ್ ಸ್ಟ್ರಿಪ್ ತುಂಬ್ಕೊಂಡು ಬರೋ ನಮ್ಮಂಥವರು ಇದನ್ನ ಎರಡು ಸಲ ಓದ್ಕೊಳ್ಳಿ, ಅದ್ರಲ್ಲಿರೋದು ಐಬುಪ್ರೊಫೆನ್ನೇ. ಹಾರ್ಟಿಗೆ ಅಂತ ಡಾಕ್ಟ್ರು ಕೊಟ್ಟ ಆಸ್ಪಿರಿನ್ ನೀವಾಗೇ ನಿಲ್ಲಿಸ್ಬೇಡಿ, ಅದು ಬೇರೆ ಲೆಕ್ಕ. ಮತ್ತೆ ಅವಳಿಜವಳಿಗಳ ಮೇಲೆ ಸ್ವೀಡನ್ ಡೆನ್ಮಾರ್ಕಲ್ಲಿ ಮಾಡಿದ ಸ್ಟಡಿಗಳ ಪ್ರಕಾರ ಈ ಕಾಯಿಲೆ ಬರೋ ಸಾಧ್ಯತೆಯಲ್ಲಿ 40ರಿಂದ 50ರಷ್ಟು ಶೇಕಡ ವಂಶದ ಪಾಲು, ಹಂಗಾಗಿ ಎಲ್ಲ ಸರಿಯಾಗಿ ಮಾಡಿದವರಿಗೂ ಬರುತ್ತೆ, "ನೀನೇನೋ ತಿಂದಿದ್ಯ" ಅಂತ ಯಾರಿಗೂ ಹೇಳ್ಬೇಡಿ ದಯವಿಟ್ಟು.

ಉಳಿದಿದ್ದು ಆಪರೇಷನ್. ಮುಂಚೆ ಎರಡು ಅಟ್ಯಾಕ್ ಆಯ್ತು ಅಂದ್ರೆ ಸಿಗ್ಮಾಯ್ಡ್ ಕತ್ತರಿಸಿ ತೆಗೀರಿ ಅಂತ ರೂಲ್ ಇತ್ತು, ಮೂರನೇದು ಬಂದ್ರೆ ಕರುಳು ಒಡೆಯುತ್ತೆ ಅನ್ನೋ ಭಯ. ಆಮೇಲೆ ನೋಡಿದ್ರೆ ಕರುಳು ಒಡೆಯೋ ಅಪಾಯ ಮೊದಲ ಅಟ್ಯಾಕಲ್ಲೇ ಹೆಚ್ಚು, ಬರ್ತಾ ಬರ್ತಾ ಜಾಸ್ತಿ ಆಗಲ್ಲ. ಅಮೆರಿಕದ ಕರುಳು ಸರ್ಜನ್‌ಗಳ ಸಂಘ 2006ರಲ್ಲಿ ಆ ಎಣಿಕೆ ಬಿಟ್ಟು ರೋಗಿ ರೋಗಿಗೆ ಬೇರೆ ಬೇರೆ ನೋಡಿ ಅಂತ ಹೇಳಿತು. ಹಂಗಾಗಿ "ಎರಡಾಯ್ತಲ್ಲ, ಮಾಡಿಸಿಬಿಡು" ಅನ್ನೋರು ಹಳೇ ಪುಸ್ತಕ ಓದಿದವರು.

ಆದ್ರೆ ಆಪರೇಷನ್ ಪರವಾಗಿ ಮಾತ್ರೆಗಳಿಗೆ ಇಲ್ಲದ ಸಾಕ್ಷಿ ಇದೆ, ಇದನ್ನ ಒಪ್ಪಲೇಬೇಕು. ನೆದರ್ಲೆಂಡ್ಸಿನ ಡೈರೆಕ್ಟ್ ಟ್ರಯಲ್, 2017, ಪದೇಪದೇ ಬರ್ತಿರೋ ಇಲ್ಲಾ ನೋವು ಹೋಗದೇ ಇರೋ 109 ಜನ, ಅರ್ಧ ಜನಕ್ಕೆ ಆಪರೇಷನ್ ಅರ್ಧ ಜನಕ್ಕೆ ಹಾಗೇ. ಹೊಟ್ಟೆಯ ಸುಖ ಅಳೆಯೋ ಒಂದು ಸ್ಕೋರ್ ಇದೆ, 144ಕ್ಕೆ, ಆರು ತಿಂಗಳಿಗೆ ಆಪರೇಷನ್ ಆದವರದ್ದು 114, ಆಗದವರದ್ದು 100. ಫಿನ್‌ಲೆಂಡಿನ ಲೇಸರ್ ಟ್ರಯಲ್‌ನಲ್ಲಿ 90 ಜನ, ಅಲ್ಲೂ ಹಂಗೇ, ಎರಡು ವರ್ಷದಲ್ಲಿ ಮತ್ತೆ ಬಂದಿದ್ದು ಆಪರೇಷನ್ ಆದವರಲ್ಲಿ ಶೇಕಡ 11, ಆಗದವರಲ್ಲಿ 61. ಲೇಸರ್ ಅಂದ್ರೆ ಟ್ರಯಲ್ ಹೆಸರು ಅಷ್ಟೇ, ಮಾಡಿದ್ದು ಲ್ಯಾಪರೋಸ್ಕೋಪಿ, ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ಮಾಡೋ ಆಪರೇಷನ್.

ಇಲ್ಲಿ ಪ್ಲಸೀಬೋ ಇಲ್ಲ, ಹೊಟ್ಟೆ ಮೇಲೆ ಸುಳ್ಳು ಗಾಯ ಮಾಡೋಕಾಗಲ್ಲ, ಹಂಗಾಗಿ ಸುಖದ ಸ್ಕೋರಲ್ಲಿ ಸ್ವಲ್ಪ ಮನಸ್ಸಿನ ಪಾಲೂ ಇರುತ್ತೆ. ಬೆಲೆಯೂ ಕಮ್ಮಿ ಇಲ್ಲ, ಡೈರೆಕ್ಟ್ ಟ್ರಯಲ್‌ನಲ್ಲಿ ಆಪರೇಷನ್ ಆದವರಲ್ಲಿ ಸುಮಾರು ಶೇಕಡ 15 ಜನಕ್ಕೆ ಕರುಳು ಜೋಡಿಸಿದ ಜಾಗ ಸೋರಿತು, ಸೋರಿದ್ರೆ ಮತ್ತೆ ಆಪರೇಷನ್, ಕೆಲವರಿಗೆ ಸ್ವಲ್ಪ ಕಾಲ ಹೊಟ್ಟೆ ಮೇಲೆ ಮಲ ತುಂಬೋ ಚೀಲ. ಇನ್ನೊಂದು ಕಡೆ, ಆಪರೇಷನ್ ಬೇಡ ಅಂತ ಬಿಟ್ಟವರಲ್ಲೂ ಶೇಕಡ 46 ಜನ ಐದು ವರ್ಷದೊಳಗೆ ನೋವು ತಡೀಲಾರದೆ ಮಾಡಿಸಿಕೊಂಡೇ ಬಿಟ್ರು.

ನನ್ನ ಮಟ್ಟಿಗೆ ಸದ್ಯಕ್ಕೆ ಬೇಡ ಅನ್ಕೊಂಡಿದೀನಿ. ಎರಡು ಅಟ್ಯಾಕ್ ನಡುವೆ ನಾನು ಆರಾಮಾಗಿದ್ದೆ, ಕೆಲ್ಸ, ಊರಿಗೆ ಹೋಗಿಬರೋದು ಎಲ್ಲ ನಡೀತಿತ್ತು, ಆ ಎರಡು ಟ್ರಯಲ್‌ನ ಜನ ನನ್ನಷ್ಟು ಆರಾಮಾಗಿದ್ದವರಲ್ಲ. ಮೂರನೇದು ಬೇಗ ಬಂದ್ರೆ, ಇಲ್ಲಾ ನಡುವೆಯೂ ನೋವು ನಿಲ್ಲದಂಗಾದ್ರೆ ಈ ಲೆಕ್ಕ ಬದಲಾಗುತ್ತೆ. ಸರ್ಜನ್ ಅಪಾಯಿಂಟ್‌ಮೆಂಟ್ ಹೆಂಗಿದ್ರೂ ಇದೆ, ಕೇಳೋಕೆ ಫೋನಲ್ಲಿ ಬರೆದಿಟ್ಟುಕೊಂಡಿರೋದು ಇಷ್ಟು: ನೀವು ವರ್ಷಕ್ಕೆ ಇಂಥವು ಎಷ್ಟು ಮಾಡ್ತೀರಿ, ಪೇಪರಲ್ಲಿ ಇರೋದಲ್ಲ ನಿಮ್ಮ ಕೈಲಿ ಸೋರಿದ್ದು ಎಷ್ಟು, ಮತ್ತೆ ಮೇಲಿನ ಕರುಳನ್ನ ಉಳಿದ ಸಿಗ್ಮಾಯ್ಡ್ ತುಂಡಿಗೆ ಜೋಡಿಸ್ತೀರೋ ಕೆಳಗೆ ರೆಕ್ಟಮ್ಮಿಗೇ (ಗುದನಾಳಕ್ಕೇ) ಜೋಡಿಸ್ತೀರೋ. ಕೊನೇದು ಯಾಕಂದ್ರೆ ಸಿಗ್ಮಾಯ್ಡ್ ಸ್ವಲ್ಪ ಉಳಿಸಿದವರಿಗೆ ಆಪರೇಷನ್ ಆದ್ಮೇಲೂ ಮತ್ತೆ ಬರೋದು ಜಾಸ್ತಿ.